ಬಳಚಿನ ಚಿಪ್ಪಿಗೆ ಹೊಕ್ಕುಳಿಲ್ಲ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ವಿಜ್ಞಾನ ಪುಟದಲ್ಲಿ ಅಘನಾಶಿನಿ ಅಳಿವೆಯ ಬಳಚಿನ, ಎಂದರೆ ಕೆಸರಿನಲ್ಲಿ ಬದುಕುವ ಎರಡು ಚಿಪ್ಪಿನ ಜೀವಿಯ ಬಗ್ಗೆ ಬಂದ ಲೇಖನ ಓದಿದೆ. 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿದ ಮೇಲೆ ಈ ಅಳಿವೆಯ ಹಕ್ಕಿಗಳ ಬಗ್ಗೆ ಬರೆಯುವವರು ಹೆಚ್ಚಾಗಿದ್ದಾರೆ, ಕೆಸರಿನೊಳಗಿನ ಜೀವಿಗಳನ್ನು ಕೇಳುವವರು ಕಡಿಮೆ. ಆ ಕೊರತೆಯನ್ನು ಲೇಖನ ತುಂಬಿದೆ. ಆದರೆ ಚಿಪ್ಪಿನ ಭಾಗಗಳನ್ನು ತೋರಿಸುವ ಚಿತ್ರದಲ್ಲಿ ತಪ್ಪು ನುಸುಳಿದೆ. ಪುಟವನ್ನು ಕತ್ತರಿಸಿ ಶಾಲೆಯ ಗೋಡೆಗೆ ಅಂಟಿಸುವ ಮೇಷ್ಟ್ರುಗಳು ಜಿಲ್ಲೆಯಲ್ಲಿ ಬಹಳ ಮಂದಿ ಇರುವುದರಿಂದ ಈ ಪತ್ರ.

ಚಿತ್ರದ ಅಡಿಬರಹ ಹೀಗಿದೆ: ‘ಅಂಬೊ, ಲ್ಯಾಟಿನ್ ಭಾಷೆಯಲ್ಲಿ ಹೊಕ್ಕುಳು ಎಂದರ್ಥ.’ ಬಾಣದ ಗುರುತು ಇರುವುದು ಚಿಪ್ಪಿನ ಮೇಲ್ಭಾಗದಲ್ಲಿರುವ ಒಂದು ದುಂಡನೆಯ ತೂತಿನ ಮೇಲೆ. ಇಲ್ಲಿ ಎರಡು ತಪ್ಪುಗಳಿವೆ, ಎರಡನೆಯದು ಮೊದಲನೆಯದರಿಂದಲೇ ಹುಟ್ಟಿದ್ದು. ಹೊಕ್ಕುಳು ಎಂದು ನಂಬಿದವರು ಚಿಪ್ಪಿನಲ್ಲಿ ಕುಳಿಯನ್ನೋ ತೂತನ್ನೋ ಹುಡುಕುವುದು ಸಹಜ. ಸಿಕ್ಕಿದೆ, ಬಾಣ ಹಾಕಿದ್ದಾರೆ. ಆ ತೂತು ಏನೆಂಬುದಕ್ಕೆ ಆಮೇಲೆ ಬರುತ್ತೇನೆ.

ಲ್ಯಾಟಿನ್‌ನಲ್ಲಿ ಇದು ‘ಉಂಬೊ’, ಇಂಗ್ಲಿಷ್ ಬಾಯಲ್ಲಿ ‘ಅಂಬೊ’ ಆಗಿದೆ, ಬಹುವಚನ ‘ಉಂಬೊನೆಸ್’. ಮೂಲ ಅರ್ಥ ಗುರಾಣಿಯ ನಡುವಿನ ಗುಬುಟು. ರೋಮನ್ ಸೈನಿಕರ ದೊಡ್ಡ ಗುರಾಣಿ ತೆಳುವಾದ ಮರದ ಪದರಗಳನ್ನು ಅಂಟಿಸಿ, ಬಾಗಿಸಿ ಮಾಡಿದ್ದು. ಹಿಡಿಕೆ ನಡುಮಧ್ಯದಲ್ಲಿ. ಹಿಡಿದ ಮುಷ್ಟಿಗೆ ಜಾಗ ಬೇಕಲ್ಲ, ಅದಕ್ಕೆ ಹಲಗೆಯಲ್ಲಿ ಒಂದು ಕಂಡಿ ಬಿಟ್ಟು ಹೊರಗಿನಿಂದ ಕಬ್ಬಿಣದ್ದೋ ಕಂಚಿನದ್ದೋ ಕವುಚಿದ ಬಟ್ಟಲಿನಂಥ ಉಬ್ಬನ್ನು ಜಡಿಯುತ್ತಿದ್ದರು. ಅದೇ ಉಂಬೊ. ಕೈಯನ್ನು ಕಾಯುವುದಕ್ಕೂ ಎದುರಾಳಿಯನ್ನು ನೂಕುವುದಕ್ಕೂ ಅದು ಬೇಕಿತ್ತು. ಟೋಗಾ ಎಂಬ ಉಡುಪನ್ನು ಸುತ್ತುವಾಗ ಎದೆಯ ಬಳಿ ಹೊರಗೆಳೆದು ಬಿಡುತ್ತಿದ್ದ ನೆರಿಗೆಯ ಉಬ್ಬಿಗೂ ಇದೇ ಹೆಸರು. ಎಲ್ಲ ಬಳಕೆಗಳಲ್ಲೂ ಉಂಬೊ ಹೊರಕ್ಕೆ ಎದ್ದು ನಿಂತದ್ದು, ಕುಳಿ ಎಲ್ಲೂ ಇಲ್ಲ. ಬಳಚಿನ ಬೆನ್ನಿನ ಮೇಲೆ, ಎರಡೂ ಚಿಪ್ಪು ಸೇರುವಲ್ಲಿ ಉಬ್ಬಿ ನಿಂತ ಭಾಗವನ್ನು ನೋಡಿದರೆ ಹೆಸರು ಎಷ್ಟು ಸರಿಯಾಗಿ ಹೊಂದುತ್ತದೆಂದು ತಿಳಿಯುತ್ತದೆ.

ಹೊಕ್ಕುಳಿಗೆ ಲ್ಯಾಟಿನ್ ಪದ ‘ಉಂಬಿಲಿಕಸ್’. ಇದೂ ಚಿಪ್ಪಿನ ಶಾಸ್ತ್ರದಲ್ಲಿದೆ, ಆದರೆ ಸುರುಳಿ ಚಿಪ್ಪಿನ ಜೀವಿಗಳಿಗೆ, ಎಂದರೆ ಶಂಖ, ಬಸವನಹುಳುಗಳ ಬಳಗಕ್ಕೆ ಸೇರಿದ್ದು. ಸುರುಳಿ ಬೆಳೆಯುವಾಗ ಒಂದು ನಡು ಅಕ್ಷದ ಸುತ್ತ ತಿರುಗುತ್ತ ಹೋಗುತ್ತದೆ. ಸುತ್ತುಗಳ ಒಳಗೋಡೆಗಳು ಬಿಗಿಯಾಗಿ ಒಂದಕ್ಕೊಂದು ಅಂಟಿದರೆ ನಡುವೆ ಗಟ್ಟಿ ಕಂಬವೊಂದು ಏಳುತ್ತದೆ. ಅದು ‘ಕೊಲುಮೆಲ್ಲ’, ಅಕ್ಷರಶಃ ಕಿರುಗಂಬ. ಪೂಜೆಯ ಶಂಖದ ಬಾಯೊಳಗೆ ಮೂರು-ನಾಲ್ಕು ಮಡಿಕೆಗಳಿರುವ ಕಂಬ ಕಾಣುತ್ತದಲ್ಲ, ಅದೇ. ಗೋಡೆಗಳು ಅಂಟದೆ ದೂರ ಉಳಿದರೆ ನಡುವೆ ಪೊಳ್ಳು ಉಳಿಯುತ್ತದೆ, ಚಿಪ್ಪಿನ ಬುಡದಲ್ಲಿ ಅದರ ಬಾಯಿ ತೆರೆದುಕೊಳ್ಳುತ್ತದೆ. ಉಂಬಿಲಿಕಸ್ ಎಂದರೆ ಆ ಪೊಳ್ಳು. ಅತಿ ಚೆಂದದ ಉದಾಹರಣೆ ಆರ್ಕಿಟೆಕ್ಟೋನಿಕಾ ಪರ್ಸ್ಪೆಕ್ಟಿವಾ ಎಂಬ ಚಪ್ಪಟೆ ಚಿಪ್ಪು. ಮಗುಚಿ ಹಿಡಿದು ಬುಡದ ತೂತಿನೊಳಗೆ ಇಣುಕಿದರೆ ಗೋಪುರದೊಳಗಿನ ಸುತ್ತು ಮೆಟ್ಟಿಲು ಕಂಡಂತಿರುತ್ತದೆ. ಜೀವಿಗಳಿಗೆ ಶಾಸ್ತ್ರೀಯ ಹೆಸರಿಡುವ ಪದ್ಧತಿ ತಂದ ಲಿನೇಯಸ್ 1758ರಲ್ಲಿ ಈ ಜಾತಿಗೆ ಪರ್ಸ್ಪೆಕ್ಟಿವ್, ಎಂದರೆ ದೂರ-ಆಳ ತೋರುವ ನೋಟ, ಎಂಬ ವಿಶೇಷಣ ಕೊಟ್ಟದ್ದು ಸುಮ್ಮನೆ ಅಲ್ಲ.

ಬಳಚಿಗೆ ಇಂಥ ಸುತ್ತೇ ಇಲ್ಲ. ಅಕ್ಷವಿಲ್ಲದ ಮೇಲೆ ಪೊಳ್ಳು ಎಲ್ಲಿಂದ ಬರಬೇಕು?

ಲೇಖಕರ ಪರವಾಗಿಯೂ ಒಂದು ಮಾತು ಹೇಳಬೇಕು. ನಿಘಂಟಿನಲ್ಲಿ ಈ ಎರಡು ಪದಗಳು ಒಂದೇ ಪುಟದಲ್ಲಿ ಮೇಲೆ-ಕೆಳಗೆ ಇರುತ್ತವೆ. ಅಷ್ಟೇ ಅಲ್ಲ, ಬೇರಿನಲ್ಲಿ ಇವು ದಾಯಾದಿಗಳು. ಲ್ಯಾಟಿನ್‌ನ ಉಂಬೊ ಮತ್ತು ಉಂಬಿಲಿಕಸ್, ಗ್ರೀಕಿನ ಓಂಫಲೋಸ್, ಸಂಸ್ಕೃತದ ನಾಭಿ, ಇಂಗ್ಲಿಷಿನ ನೇವಲ್ ಎಲ್ಲವೂ ಒಂದೇ ಇಂಡೋ-ಯುರೋಪಿಯನ್ ಮೂಲದ ಕವಲುಗಳು. ಸಂಸ್ಕೃತದಲ್ಲಿ ನಾಭಿ ಎಂದರೆ ಹೊಕ್ಕುಳೂ ಹೌದು, ಚಕ್ರದ ನಡುವಿನ ಗುಂಬವೂ ಹೌದು. ನಡುವೆ ಇರುವ ಗುಂಡನೆಯದು ಎಂಬ ಒಂದೇ ಕಲ್ಪನೆ ಒಂದು ಕಡೆ ತಗ್ಗಾಯಿತು, ಇನ್ನೊಂದು ಕಡೆ ಉಬ್ಬಾಯಿತು. ಆದರೆ ಲ್ಯಾಟಿನ್ ಮಾತನಾಡುತ್ತಿದ್ದವರಿಗೇ ಇವೆರಡೂ ಬೇರೆ ಬೇರೆ ಪದಗಳಾಗಿದ್ದವು. ಅಜ್ಜ ಒಬ್ಬನೇ ಎಂದು ಮೊಮ್ಮಕ್ಕಳ ಹೆಸರು ಅದಲು-ಬದಲು ಮಾಡಲಾಗದು.

ಅದಲು-ಬದಲಾದರೆ ಏನಾಗುತ್ತದೆ ಎಂದು ನೋಡಲು ಘಟ್ಟದ ಮೇಲೆ ಶಿರಸಿ ಕಡೆಗೆ ಹೋಗಬೇಕು. ಮಳೆಗಾಲದಲ್ಲಿ ಗೆದ್ದಲ ಹುತ್ತದ ಮೇಲೆ ಏಳುವ ಅಣಬೆಯ ಕೊಡೆಯ ನಡುವೆ ಮೊನಚಾದ ಉಬ್ಬೊಂದು ಇರುತ್ತದೆ. ಅಣಬೆ ಶಾಸ್ತ್ರದಲ್ಲೂ ಅದು ಉಂಬೊ, ಅಂಥ ಕೊಡೆ ‘ಅಂಬೊನೇಟ್’. ಕೊಡೆಯ ನಡುವೆ ತಗ್ಗಿದ್ದರೆ ‘ಅಂಬಿಲಿಕೇಟ್’. ಅಣಬೆಯನ್ನು ಗುರುತಿಸುವ ಕೈಪಿಡಿಗಳಲ್ಲಿ ಇವೆರಡೂ ಪರಸ್ಪರ ವಿರುದ್ಧ ಲಕ್ಷಣಗಳು. ಒಂದನ್ನು ಓದಿ ಇನ್ನೊಂದೆಂದು ತಿಳಿದವನು ಬೇರೆಯೇ ಅಣಬೆ ಕಿತ್ತು ತಂದಾನು. ಅಣಬೆಯಲ್ಲಿ ಅಂಥ ತಪ್ಪಿನ ಬೆಲೆ ಏನೆಂದು ಆ ಕಡೆಯವರಿಗೆ ಹೇಳಿಕೊಡಬೇಕಾಗಿಲ್ಲ.

ಈಗ ಚಿತ್ರದ ತೂತು. ಅಂಚು ನುಣುಪು, ಆಕಾರ ಪೂರ್ತಿ ಗುಂಡು, ಹೊರಗೆ ಅಗಲ, ಒಳಗೆ ಹೋಗುತ್ತ ಕಿರಿದು. ತಲೆ ಹುದುಗಿಸಿ ಸ್ಕ್ರೂ ಕೂರಿಸಲು ಬಡಗಿ ಮರದಲ್ಲಿ ಕೊರೆಯುವ ಬಾಯಗಲದ ತೂತಿನಂತೆ. ಇದು ನಾಟಿಕಾ ಬಳಗದ ಶಂಖದ ಕೆಲಸ. ಮರಳು-ಕೆಸರಿನೊಳಗೆ ಹರಿದಾಡುವ, ನಯವಾದ ಗುಂಡು ಚಿಪ್ಪಿನ ಈ ಬೇಟೆಗಾರ ಬಳಚನ್ನು ತನ್ನ ಅಗಲವಾದ ಪಾದದಲ್ಲಿ ಸುತ್ತಿ ಹಿಡಿಯುತ್ತದೆ. ಆಮ್ಲವಿರುವ ರಸ ಬಿಟ್ಟು ಚಿಪ್ಪನ್ನು ಮೆದುಗೊಳಿಸುವುದು, ಅರದಂಥ ನಾಲಿಗೆಯಿಂದ ಕೆರೆಯುವುದು, ಮತ್ತೆ ರಸ, ಮತ್ತೆ ಕೆರೆತ, ಹೀಗೆ ಗಂಟೆಗಟ್ಟಲೆ ಕೊರೆಯುತ್ತದೆ. ಚಿಪ್ಪು ದಪ್ಪವಿದ್ದರೆ ಒಂದು ದಿನ ಮೀರಿದರೂ ಮೀರಿತು. ತೂತು ಬಿದ್ದ ಮೇಲೆ ಸೊಂಡಿಲು ಇಳಿಸಿ ಮಾಂಸ ತಿನ್ನುತ್ತದೆ. ಕೊರೆಯುವ ಜಾಗ ಹಲವು ಬಾರಿ ಉಂಬೊದ ಹತ್ತಿರವೇ ಇರುತ್ತದೆ, ಗೊಂದಲಕ್ಕೆ ಕಾರಣವೂ ಅದೇ. ಅರ್ಧಕ್ಕೆ ಬಿಟ್ಟ ತೂತುಗಳೂ ಕಡಲ ದಂಡೆಯಲ್ಲಿ ಸಿಗುತ್ತವೆ. ಭೂತಗನ್ನಡಿಯಲ್ಲಿ ನೋಡಿದರೆ ಅವುಗಳ ತಳದ ನಡುವೆ ಸಣ್ಣ ಉಬ್ಬೊಂದು ಉಳಿದಿರುತ್ತದೆ. ನಾಟಿಕಾದ ಕೈವಾಡಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಮ್ಯೂರೆಕ್ಸ್ ಬಳಗದ ಮುಳ್ಳುಶಂಖಗಳೂ ಕೊರೆಯುತ್ತವೆ, ಅವುಗಳ ತೂತಿನ ಗೋಡೆ ಬಹುಮಟ್ಟಿಗೆ ನೇರ.

ತಮಾಷೆ ಎಂದರೆ ಹೊಕ್ಕುಳು ಇರುವುದು ಈ ಕೊಲೆಗಾರನಿಗೆ. ನಾಟಿಕಾ ಚಿಪ್ಪನ್ನು ಮಗುಚಿದರೆ ಬಾಯಿಯ ಪಕ್ಕದಲ್ಲೇ ಉಂಬಿಲಿಕಸ್ ಇದೆ. ಅದರೊಳಗೆ ಹಗ್ಗದಂತೆ ಸುತ್ತಿ ಇಳಿಯುವ ಏಣು ಒಂದಿದೆ, ಅದರ ಹೆಸರು ‘ಫ್ಯುನಿಕಲ್’, ಲ್ಯಾಟಿನ್‌ನಲ್ಲಿ ಸಣ್ಣ ಹಗ್ಗ. ಹೊಕ್ಕುಳೂ ಬಳ್ಳಿಯೂ ಒಂದೇ ಚಿಪ್ಪಿನಲ್ಲಿ.

ಉಂಬೊದ ತುದಿಯಲ್ಲೇ ತೂತು ಬಿದ್ದ ಚಿಪ್ಪುಗಳೂ ದಂಡೆಯಲ್ಲಿ ಸಿಗುತ್ತವೆ, ದಪ್ಪ ಏಣುಗಳ ಟೆಗಿಲ್ಲಾರ್ಕಾ ಗ್ರಾನೋಸಾ ಎಂಬ ಜಾತಿಯಲ್ಲಿ ಹೆಚ್ಚು. ಅವುಗಳ ಅಂಚು ಒರಟು, ಆಕಾರಕ್ಕೆ ಗೊತ್ತುಗುರಿಯಿಲ್ಲ. ಅದು ಅಲೆಯ ಕೆಲಸ. ಚಿಪ್ಪು ಮರಳಿನಲ್ಲಿ ಉರುಳುವಾಗ ಎಲ್ಲಕ್ಕಿಂತ ಮೇಲೆದ್ದ ಭಾಗ ಮೊದಲು ಸವೆಯುತ್ತದೆ. ಸರ ಪೋಣಿಸುವವರು ಇಂಥವನ್ನೇ ಆರಿಸಿಕೊಳ್ಳುತ್ತಾರೆ, ಕೊರೆಯುವ ಶ್ರಮ ತಪ್ಪುತ್ತದೆ.

ಚಿತ್ರವನ್ನು ತಿದ್ದುವುದಾದರೆ ಉಳಿದ ಭಾಗಗಳನ್ನೂ ಒಮ್ಮೆ ನೋಡಬಹುದು. ಕಾರವಾರದ ಪೇಟೆಯಲ್ಲಿ ತಿಸ್ರ್ಯೊ ಎಂದು ಕೊಂಕಣಿಯಲ್ಲಿ ಕರೆಯುವ ಪಾಫಿಯಾ ಮಲಬಾರಿಕಾ ಬಳಚು ಒಂದು ಸಾಕು. ಎರಡು ಚಿಪ್ಪೂ ಕೂಡಿರುವಂತೆ ಹಿಡಿದು ಮೇಲಿಂದ ನೋಡಿ. ಎರಡು ಉಬ್ಬುಗಳ ಮೊನೆಗಳು ಹೆಚ್ಚುಕಡಿಮೆ ಒಂದಕ್ಕೊಂದು ತಾಗುವಂತಿವೆ. ಮೊನೆಯ ಹೆಸರು ಬೀಕ್, ಕೊಕ್ಕು. ಉಂಬೊ ಎಂದರೆ ಕೊಕ್ಕೂ ಸೇರಿದ ಇಡೀ ಉಬ್ಬು. ಮರಿಯಾಗಿದ್ದಾಗಿನ ಚಿಪ್ಪು ಕೊಕ್ಕಿನ ತುದಿಯಲ್ಲಿ ಉಳಿದಿರುತ್ತದೆ, ಆದ್ದರಿಂದ ಇಡೀ ಚಿಪ್ಪಿನಲ್ಲಿ ಅತ್ಯಂತ ಹಳೆಯ ಜಾಗ ಅದು. ಬೆಳವಣಿಗೆಯ ಗೆರೆಗಳೆಲ್ಲ ಅದನ್ನು ಸುತ್ತುವರಿದು ಅಂಚಿನ ಕಡೆಗೆ ದೊಡ್ಡದಾಗುತ್ತ ಹೋಗುತ್ತವೆ.

ಕೊಕ್ಕು ಬಾಗಿರುವ ಕಡೆ ಪ್ರಾಣಿಯ ಮುಂಬದಿ. ಅಲ್ಲಿ ಕೊಕ್ಕಿನ ಬುಡದಲ್ಲೇ ಅರ್ಧಚಂದ್ರದಂಥ ಒಂದು ಗುರುತು ಕಾಣುತ್ತದೆ, ‘ಲುನುಲ’, ಕಿರುಚಂದ್ರ. ಹಿಂಬದಿಯಲ್ಲಿ ಕಂದು ಬಣ್ಣದ ಗಟ್ಟಿ ಪಟ್ಟಿಯಿದೆ. ಇದು ಲಿಗಮೆಂಟ್, ಕಟ್ಟು ಎಂಬರ್ಥದ ಲ್ಯಾಟಿನ್ ಪದದಿಂದ ಬಂದದ್ದು. ಹೆಸರು ಕಟ್ಟು ಎಂದಿದ್ದರೂ ಅದರ ಕೆಲಸ ಚಿಪ್ಪನ್ನು ತೆರೆಯುವುದು. ಸ್ಪ್ರಿಂಗಿನಂತೆ ಸದಾ ತೆರೆಯಲು ನೋಡುತ್ತಿರುತ್ತದೆ, ಒಳಗಿನ ಎರಡು ಸ್ನಾಯುಗಳು ಎಳೆದು ಮುಚ್ಚಿಡುತ್ತವೆ. ಕುದಿನೀರಿಗೆ ಹಾಕಿದ ಬಳಚು ಬಾಯಿ ಬಿಡುವುದು ಸ್ನಾಯು ಸೋತಾಗ. ಈಗ ಉಬ್ಬು ಮೇಲಿರಲಿ, ಲಿಗಮೆಂಟ್ ನಿಮ್ಮ ಕಡೆ, ಲುನುಲ ಆಚೆ ಕಡೆ. ಎಡಗೈ ಬದಿಗೆ ಇರುವುದು ಎಡ ಚಿಪ್ಪು, ಬಲಗೈ ಬದಿಗೆ ಇರುವುದು ಬಲ. ನಿಮ್ಮ ಚಿತ್ರದಲ್ಲಿ ಎಡ-ಬಲ ಹೇಳಿಯೇ ಇಲ್ಲ.

ಚಿಪ್ಪನ್ನು ತೆರೆದರೆ ಬಾಗಿಲಿನ ಶಬ್ದಗಳು ಸಾಲಾಗಿ ಬರುತ್ತವೆ. ‘ವಾಲ್ವಾ’ ಎಂದರೆ ಮಡಚುವ ಬಾಗಿಲಿನ ಒಂದು ಹಲಗೆ. ಕನ್ನಡದ ಜೀವಶಾಸ್ತ್ರ ಪುಸ್ತಕಗಳಲ್ಲಿರುವ ‘ದ್ವಿಕವಾಟಿ’ ಎಂಬ ಪದ ಅದನ್ನು ಕರಾರುವಾಕ್ಕಾಗಿ ಹಿಡಿದಿದೆ. ಯಾರು ಮಾಡಿದರೋ, ಲ್ಯಾಟಿನ್ನೂ ಗೊತ್ತಿದ್ದವರು, ಬಾಗಿಲೂ ಗೊತ್ತಿದ್ದವರು. ಉಬ್ಬಿನ ಕೆಳಗೆ ಒಳಬದಿಯಲ್ಲಿ ಪ್ರತಿ ಚಿಪ್ಪಿಗೂ ಮೂರು ಹಲ್ಲುಗಳಿವೆ, ಕಾರ್ಡಿನಲ್ ಹಲ್ಲುಗಳು. ‘ಕಾರ್ಡೊ’ ಎಂದರೆ ಬಾಗಿಲು ತಿರುಗುವ ಕೀಲು. ಈಗಿನ ಬಿಜಾಗರಿಯಲ್ಲ, ಹಳೆಯ ಮನೆಗಳಲ್ಲಿ ಕದದ ಮೂಲೆಯ ಮೊಳೆ ಹೊಸ್ತಿಲ ಕುಳಿಯಲ್ಲಿ ಕೂತು ತಿರುಗುತ್ತದಲ್ಲ, ಆ ವ್ಯವಸ್ಥೆ. ಇದನ್ನು ‘ಮುಖ್ಯ ಹಲ್ಲು’ ಎಂದು ಅನುವಾದಿಸುವವರಿದ್ದಾರೆ, ‘ಕೀಲುಹಲ್ಲು’ ಎಂದರೆ ಅರ್ಥವೂ ಸರಿ, ಜಾಗವೂ ಸರಿ.

ಒಳಮೈಯಲ್ಲಿ ಅಂಚಿಗೆ ಸಮಾನಾಂತರವಾಗಿ ಒಂದು ಗೆರೆ ಓಡಿ, ಹಿಂಬದಿಯಲ್ಲಿ ಒಳಕ್ಕೆ ಬಾಗಿ ಕೊಲ್ಲಿಯಂತೆ ಆಗಿದೆ. ಅದು ‘ಪ್ಯಾಲಿಯಲ್ ಸೈನಸ್’. ‘ಪ್ಯಾಲಿಯಂ’ ಎಂದರೆ ಹೊದೆಯುವ ಬಟ್ಟೆ, ‘ಸಿನುಸ್’ ಎಂದರೆ ಬಾಗು, ಮಡಿಲು, ಕೊಲ್ಲಿ. ಸೊಂಡಿಲಿನಂಥ ನೀರ್ನಾಳಗಳನ್ನು ಒಳಗೆಳೆದುಕೊಳ್ಳುವ ಜಾಗ ಇದು. ಪಾಫಿಯಾದಲ್ಲಿ ಈ ಕೊಲ್ಲಿ ಸ್ಪಷ್ಟ, ಇನ್ನೊಂದು ಬಗೆಯ ಬಳಚಾದ ಮೆರೆಟ್ರಿಕ್ಸ್‌ನಲ್ಲಿ ಅದರ ಆಳ ತೀರಾ ಕಡಿಮೆ, ಖಾಲಿ ಚಿಪ್ಪುಗಳನ್ನು ಬೇರ್ಪಡಿಸಲು ಇದೊಂದೇ ಸಾಕು. ಅಂದ ಹಾಗೆ ತ್ರಿಕೋನಮಿತಿಯ ‘ಸೈನ್’ ಕೂಡ ಇದೇ ಸಿನುಸ್. ನಮ್ಮ ‘ಜ್ಯಾ’, ‘ಜೀವಾ’ ಅರಬ್ಬಿಗೆ ಹೋಗಿ ‘ಜಿಬ’ ಆಯಿತು. ಸ್ವರಚಿಹ್ನೆಯಿಲ್ಲದ ಆ ಬರಹವನ್ನು ‘ಜೈಬ್’, ಎಂದರೆ ಮಡಿಲು, ಎಂದು ಓದಿ 12ನೇ ಶತಮಾನದ ಅನುವಾದಕರು ಸಿನುಸ್ ಎಂದು ಬರೆದರು. ಬಿಲ್ಲಿನ ಹೆದೆ ಮಡಿಲಾಗಿ ಇವತ್ತಿಗೂ ಪಠ್ಯಪುಸ್ತಕದಲ್ಲಿ ಕೂತಿದೆ. ಅಚ್ಚಾದ ತಪ್ಪು ಅನುವಾದದ ಆಯುಷ್ಯ ಇಷ್ಟು.

ಬರೀ ಹೆಸರಿನ ಜಗಳ ಇದಲ್ಲ. ಬಳಚನ್ನು ಅಳೆಯುವಾಗ ಉಂಬೊ ಬೇಕೇ ಬೇಕು. ಮುಂತುದಿಯಿಂದ ಹಿಂತುದಿಗೆ ಇರುವುದು ಉದ್ದ. ಉಂಬೊದ ಮೇಲ್ಮೈಯಿಂದ ನೇರ ಎದುರಿನ ಅಂಚಿಗೆ ಇರುವುದು ಎತ್ತರ. ಎರಡೂ ಚಿಪ್ಪು ಮುಚ್ಚಿದಾಗ ಅಡ್ಡಕ್ಕೆ ಸಿಗುವುದು ದಪ್ಪ. ವರ್ನಿಯರ್ ಕ್ಯಾಲಿಪರ್ಸ್‌ನ ದವಡೆ ಉಬ್ಬಿನ ಅತಿ ಎತ್ತರದ ಜಾಗಕ್ಕೆ ತಾಗಬೇಕು, ಬಾಗಿದ ಕೊಕ್ಕಿನ ತುದಿಗಲ್ಲ. ಅದೇ ಹಸಿರಂಚಿನ ಮಸಲ್ ಎಂಬ ಎರಡು ಚಿಪ್ಪಿನ ಜೀವಿ, ಪೆರ್ನಾ ವಿರಿಡಿಸ್‌ನಲ್ಲಿ ಉಂಬೊ ಚೂಪು ತುದಿಯಲ್ಲೇ ಇರುವುದರಿಂದ ಅಲ್ಲಿಂದ ಆಚೆ ತುದಿಗೆ ಅಳೆದದ್ದೇ ಉದ್ದ. ನಿಮ್ಮ ಲೇಖನದ ‘ಅಂಬೊದಿಂದ ಅಂಚಿನವರೆಗೆ ಉದ್ದ’ ಎಂಬ ಸಾಲು ಮಸಲ್‌ಗೆ ಸರಿ, ಬಳಚಿಗೆ ತಪ್ಪು. 40 ಮಿ.ಮೀ. ಉದ್ದ, 30 ಮಿ.ಮೀ. ಎತ್ತರ ಇರುವ ಬಳಚೊಂದನ್ನು ಹೀಗೆ ಅಳೆದರೆ ಕಾಲು ಭಾಗ ಚಿಕ್ಕದೆಂದು ದಾಖಲಾಗುತ್ತದೆ. ಗಾತ್ರದ ಮಿತಿ ಇಟ್ಟು ಎಳೆ ಬಳಚು ಉಳಿಸುವ ಮಾತು ಬಂದಾಗ ಕಾಲು ಭಾಗ ಸಣ್ಣದೇನಲ್ಲ.

ಅಳಿವೆಯ ಮೇಲ್ಭಾಗದಲ್ಲಿ, ಸಿಹಿನೀರು ಹೆಚ್ಚಿರುವ ಕಡೆ ಸಿಗುವ ದಪ್ಪ ಕಪ್ಪು ಚಿಪ್ಪಿನ ವಿಲ್ಲೊರಿಟಾ ಸಿಪ್ರಿನಾಯ್ಡಿಸ್‌ನಲ್ಲಿ ಇನ್ನೊಂದು ತೊಡಕಿದೆ. ಅದರ ಉಂಬೊ ಅನೇಕ ಸಲ ತಿಂದುಹೋಗಿ ಬಿಳಿ ಸುಣ್ಣ ಕಾಣುತ್ತಿರುತ್ತದೆ. ರೋಗವಲ್ಲ. ಚಿಪ್ಪಿನ ಹೊರಗಿನ ತೆಳು ಪೊರೆ ಸುಣ್ಣವನ್ನು ಕಾಯುತ್ತದೆ. ಉಂಬೊ ಅತ್ಯಂತ ಹಳೆಯ ಭಾಗವಾದ್ದರಿಂದ ಪೊರೆ ಮೊದಲು ಸವೆಯುವುದೂ ಅಲ್ಲೇ. ಪೊರೆ ಹೋದ ಮೇಲೆ ಸುಣ್ಣದಂಶ ಕಡಿಮೆಯಿರುವ, ಕೊಂಚ ಆಮ್ಲೀಯವಾದ ನೀರು ಸುಣ್ಣವನ್ನು ಕರಗಿಸುತ್ತ ಹೋಗುತ್ತದೆ. ಇಂಥ ಚಿಪ್ಪಿನಲ್ಲಿ ಎತ್ತರದ ಅಳತೆ ಕಡಿಮೆ ಬರುತ್ತದೆ, ಗೆರೆ ಎಣಿಸಿ ವಯಸ್ಸು ಹೇಳಹೊರಟರೆ ಮೊದಲ ಗೆರೆಗಳೇ ಇರುವುದಿಲ್ಲ. ಅದಕ್ಕೇ ಅಳೆಯುವವರು ಉದ್ದವನ್ನು ನೆಚ್ಚುತ್ತಾರೆ.

ದೇಹದ ಭಾಗಗಳ ಹೆಸರನ್ನು ಚಿಪ್ಪಿಗೆ ಹಚ್ಚಿ ಎಡವಿದವರಲ್ಲಿ ನಿಮ್ಮ ಲೇಖಕರು ಮೊದಲಿಗರಲ್ಲ. ಸ್ವತಃ ಲಿನೇಯಸ್ ಈ ಉಬ್ಬುಗಳಿಗೆ ಇಟ್ಟ ಹೆಸರು ‘ನಾಟೆಸ್’, ಎಂದರೆ ಪೃಷ್ಠ. ಅಕ್ಕಪಕ್ಕದ ಭಾಗಗಳಿಗೆ ಅವನು ಇಟ್ಟ ಹೆಸರುಗಳನ್ನು ಕುಟುಂಬದವರೆಲ್ಲ ಓದುವ ಪತ್ರಿಕೆಯಲ್ಲಿ ಬರೆಯಲಾರೆ. ಚಿಪ್ಪುಗಳ ಅಧ್ಯಯನ ಮಾಡಿದ್ದ ಎಮಾನ್ಯುಯೆಲ್ ಮೆಂಡೆಸ್ ಡ ಕೋಸ್ಟಾ 1776ರ ತನ್ನ ಪುಸ್ತಕದಲ್ಲಿ ಇವು ಅಸಭ್ಯವೆಂದು ಆಕ್ಷೇಪಿಸಿದ. ಕೊನೆಗೆ ನಿಂತದ್ದು ಗುರಾಣಿಯ ಹೆಸರು. ತಿರುಗಾ ಅಲ್ಲಿಗೇ ಶರೀರದ ಭಾಗವೊಂದನ್ನು ತಂದು ಕೂರಿಸುವುದು ಹಿಂದಕ್ಕೆ ನಡೆದಂತೆ. ಇದೇ ಜಾಡಿನ ಇನ್ನೊಂದು ಬಲೆ ‘ಪ್ಲಕ್ಯುನಾ ಪ್ಲಸೆಂಟಾ’. ಗೋವೆಯ ಹಳೆಯ ಮನೆಗಳ ಕಿಟಕಿಗಳಲ್ಲಿ ಗಾಜಿನ ಬದಲು ಕೂರಿಸುತ್ತಿದ್ದ ತೆಳು ಚಿಪ್ಪು ಇದು. ಪ್ಲಸೆಂಟಾ ಎಂದರೆ ಲ್ಯಾಟಿನ್‌ನಲ್ಲಿ ಚಪ್ಪಟೆ ರೊಟ್ಟಿಯಂಥ ತಿಂಡಿ. ಬಾಣಂತಿಯ ಮಾಸಿಗೂ ಆ ಹೆಸರು ಬಂದದ್ದು ಅದೇ ಆಕಾರ ನೋಡಿ. ಮುಂದೆ ಯಾರಾದರೂ ಈ ಚಿಪ್ಪನ್ನು ‘ಮಾಸುಚಿಪ್ಪು’ ಎಂದು ಬರೆದು ಕಳಿಸಿದರೆ ದಯವಿಟ್ಟು ತಡೆಯಿರಿ.

ಉಂಬೊ ಹೆಸರನ್ನೇ ಹೊತ್ತ ಶಂಖವೂ ಒಂದಿದೆ, ಅಂಗಿ ಗುಂಡಿಯಷ್ಟಿರುವ ಹೊಳಪಿನ ಉಂಬೋನಿಯಂ ವೆಸ್ಟಿಯಾರಿಯಂ. ಎರಡನೆಯ ಪದಕ್ಕೆ ಬಟ್ಟೆಬರೆಗೆ ಸಂಬಂಧಿಸಿದ್ದು ಎಂದರ್ಥ. ಇದು ಸುರುಳಿ ಚಿಪ್ಪು, ಬುಡದಲ್ಲಿ ಹೊಕ್ಕುಳು ಇರಬೇಕಾದ ಜಾಗವನ್ನು ದಪ್ಪ ಗಟ್ಟಿ ತೇಪೆಯೊಂದು ಮುಚ್ಚಿ ಉಬ್ಬಿದೆ. ಉಂಬೊ, ಉಂಬಿಲಿಕಸ್ ಎರಡರ ವ್ಯತ್ಯಾಸ ಹೇಳಿಕೊಡಲು ಇದನ್ನೂ ನಾಟಿಕಾವನ್ನೂ ಒಂದು ಬಳಚಿನ ಚಿಪ್ಪನ್ನೂ ಮೇಜಿನ ಮೇಲಿಟ್ಟರೆ ಸಾಕು.

ಕನ್ನಡದಲ್ಲಿ ಏನೆನ್ನಬೇಕು? ಲ್ಯಾಟಿನ್ ಉಚ್ಚಾರದಂತೆ ‘ಉಂಬೊ’ ಎಂದು ಬರೆದರೆ ‘ಉಂಬಲೆ ಬನ್ನಿ’ ಎನ್ನುವ ಶಿರಸಿ-ಸಿದ್ದಾಪುರದವರಿಗೆ ಊಟಕ್ಕೆ ಕರೆದಂತೆ ಕೇಳೀತು. ‘ನೆತ್ತಿ’ ಎನ್ನಬಹುದಿತ್ತು, ಆದರೆ ಶಂಖದ ಚೂಪು ತುದಿಗೆ ಆ ಪದ ಬೇಕಾಗುತ್ತದೆ. ‘ಗುಬುಟು’ ಎಂಬುದು ನನ್ನ ಸಲಹೆ. ಗುರಾಣಿಗೂ ಒಪ್ಪುತ್ತದೆ, ಚಿಪ್ಪಿಗೂ ಒಪ್ಪುತ್ತದೆ, ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಅದರ ಮೊನೆಗೆ ‘ಕೊಕ್ಕು’. ‘ಹೊಕ್ಕುಳು’ ಉಂಬಿಲಿಕಸ್‌ಗೆ ಮಾತ್ರ ಮೀಸಲಿರಲಿ.

ತಿದ್ದುಪಡಿಗೆ ಹೆಚ್ಚು ಜಾಗ ಬೇಡ. ಅದೇ ಚಿತ್ರವನ್ನು ಮತ್ತೆ ಹಾಕಿ, ಬಾಣವನ್ನು ತೂತಿನಿಂದ ಮೇಲಕ್ಕೆ, ಎರಡು ಚಿಪ್ಪು ಕೂಡುವಲ್ಲಿನ ಉಬ್ಬಿಗೆ ಸರಿಸಿ ‘ಗುಬುಟು: ಲ್ಯಾಟಿನ್‌ನಲ್ಲಿ ಉಂಬೊ, ಗುರಾಣಿಯ ನಡುವಿನ ಉಬ್ಬು’ ಎಂದು ಬರೆದರಾಯಿತು. ತೂತಿಗೂ ಬೇರೆ ಬಾಣವೊಂದು ಇರಲಿ, ‘ನಾಟಿಕಾ ಶಂಖ ಕೊರೆದದ್ದು’ ಎಂದು.

ಇತಿ ತಮ್ಮ ವಿಶ್ವಾಸಿ,
ಓರ್ವ ಓದುಗ
ಕಾರವಾರ